ಕಾಫಿ ಗೋದಾಮಿನಲ್ಲಿ ಒಂದು ಕ್ಲಬ್ ಇಪಿ: ದುಡಿ, ಕೊಂಬು, 125 ಬಿಪಿಎಂ

ಕೊಡಗಿನ ವಿರಾಜಪೇಟೆ ತಾಲ್ಲೂಕಿನ ನಮ್ಮ ತೋಟದ ಕಾಫಿ ಗೋದಾಮು ಮತ್ತು ಬೆಂಗಳೂರಿನ ಗೆಳೆಯನ ಬಾಡಿಗೆ ಮನೆ, ಈ ಎರಡು ಕಡೆ ಕುಳಿತು ಕಟ್ಟಿದ ನಾಲ್ಕು ಟ್ರ್ಯಾಕುಗಳ ಇಪಿ (ಪುಟ್ಟ ಆಲ್ಬಮ್) ಮಾಸ್ಟರಿಂಗ್ ಎಂಬ ಕೊನೆಯ ಹದ ಮುಗಿಸಿ ಬಿಡುಗಡೆಯ ಹಂತಕ್ಕೆ ಬಂದಿದೆ. ಗೆಳೆಯ ವಾರಾಂತ್ಯಗಳಲ್ಲಿ ಕ್ಲಬ್ಬುಗಳಲ್ಲಿ ಡಿಜೆ ಆಗಿರುವವನು. ಸಿಂಥ್ (ವಿದ್ಯುತ್ ಸ್ವರವಾದ್ಯ) ಮತ್ತು ಡ್ರಮ್ ಮಷಿನ್ ಕೆಲಸ ಅವನದು. ಧ್ವನಿಮುದ್ರಣ ಮತ್ತು ಮಿಕ್ಸಿಂಗ್ ನನ್ನ ಪಾಲಿಗೆ ಬಂದವು. ದುಡಿ ಎಂಬ ಚರ್ಮವಾದ್ಯ ಬಾರಿಸಿದವರು ನಾಪೋಕ್ಲು ಕಡೆಯ ಇಬ್ಬರು ಹಿರಿಯರು ಮತ್ತು ಅವರಲ್ಲೊಬ್ಬರ ಮಗ. ಕೊಂಬು ಎಂಬ ಕಹಳೆ ಊದಿದವರು ಅವರಿಗೆ ಪರಿಚಯದವರೊಬ್ಬರು. ಚರ್ಮವಾದ್ಯವನ್ನು ಯಂತ್ರದ ತಾಳಕ್ಕೆ ಬಗ್ಗಿಸದೆ, ಯಂತ್ರದ ಭಾಗಗಳನ್ನೇ ಚರ್ಮವಾದ್ಯದ ಸುತ್ತ ಜೋಡಿಸಬೇಕೆಂಬುದು ಮೊದಲೇ ಆದ ಒಪ್ಪಂದ. ಅದನ್ನು ಕಾರ್ಯರೂಪಕ್ಕೆ ತಂದ ಬಗೆಯನ್ನು, ಇಂಥ ಕೆಲಸಕ್ಕೆ ಕೈಹಾಕುವವರಿಗೆ ಅನುಕೂಲವಾಗಲೆಂದು, ಅಳತೆಗಳ ಸಮೇತ ಇಲ್ಲಿ ಬರೆದಿಡುತ್ತಿದ್ದೇನೆ.

ತಾಳದ ಲೆಕ್ಕ

ಷಿಕಾಗೋದ ವೇರ್‌ಹೌಸ್ ಕ್ಲಬ್ಬಿನಲ್ಲಿ ಡಿಜೆ ಫ್ರ್ಯಾಂಕಿ ನಕಲ್ಸ್ ಅವರ ಕಾಲದಿಂದ ಬೆಳೆದುಬಂದ ಹೌಸ್ ಎಂಬ ಕುಣಿತದ ಸಂಗೀತದಲ್ಲಿ ಪ್ರತಿ ಎಣಿಕೆಗೂ ಒಂದು ಕಿಕ್ (ದೊಡ್ಡ ಡ್ರಮ್ಮಿನ) ಪೆಟ್ಟು ಬೀಳುತ್ತದೆ. ರೋಲೆಂಡ್ ಕಂಪನಿ 1980ರಲ್ಲಿ ತಂದ ಟಿಆರ್-808 ಮತ್ತು 1983ರಲ್ಲಿ ತಂದ ಟಿಆರ್-909 ಡ್ರಮ್ ಮಷಿನ್‌ಗಳಲ್ಲಿ ಸಾಲಾಗಿ 16 ಗುಂಡಿಗಳಿದ್ದವು. ನಾಲ್ಕು ಎಣಿಕೆಯ ಒಂದು ಆವರ್ತವನ್ನು ಆ 16 ಮೆಟ್ಟಿಲುಗಳಿಗೆ ಹಂಚಿದರೆ ಎಣಿಕೆಗೆ ನಾಲ್ಕು ಬರುತ್ತವೆ. ನಮ್ಮ ಸಂಗೀತದ ಮಾತಿನಲ್ಲಿ ಹೇಳುವುದಾದರೆ ಅದು ಚತುರಶ್ರ ನಡೆ. ನಾವು ಮುದ್ರಿಸಿಕೊಂಡ ದುಡಿಯ ವರಸೆಗಳಲ್ಲಿ ಪ್ರತಿ ಎಣಿಕೆಯೂ ಮೂರಾಗಿ ಒಡೆಯುತ್ತದೆ, ಅಂದರೆ ತಿಶ್ರ. ಇವೆರಡನ್ನೂ ಹಾಗೆಯೇ ಒಂದರ ಮೇಲೊಂದು ಹಾಕಿದರೆ ಏನಾಗುತ್ತದೆ ಎಂಬುದನ್ನು ಕಾಗದದ ಮೇಲೆ ನೋಡಿಬಿಡುವುದು ಒಳ್ಳೆಯದು; ಸಾಫ್ಟ್‌ವೇರಿನ ಪರದೆಯ ಮುಂದೆ ಕುಳಿತರೆ ಕಿವಿ ಬಹುಬೇಗ ಸೋಲುತ್ತದೆ.

ವೇಗ ನಿಮಿಷಕ್ಕೆ 125 ಎಣಿಕೆ (ಬಿಪಿಎಂ) ಎಂದಿಟ್ಟುಕೊಂಡರೆ ಒಂದು ಎಣಿಕೆಗೆ 480 ಮಿಲಿಸೆಕೆಂಡು. ಚತುರಶ್ರದ ಪೆಟ್ಟುಗಳು 0, 120, 240, 360ರಲ್ಲಿ ಬೀಳುತ್ತವೆ. ತಿಶ್ರದವು 0, 160, 320ರಲ್ಲಿ. ಎಣಿಕೆಯ ಮೊದಲ ಪೆಟ್ಟಿನಲ್ಲಿ ಮಾತ್ರ ಎರಡೂ ಕೂಡುತ್ತವೆ. 120ಕ್ಕೂ 160ಕ್ಕೂ, ಹಾಗೆಯೇ 320ಕ್ಕೂ 360ಕ್ಕೂ ನಡುವೆ ಇರುವ ಅಂತರ 40 ಮಿಲಿಸೆಕೆಂಡು ಮಾತ್ರ. ಅಷ್ಟು ಹತ್ತಿರ ಬಿದ್ದ ಎರಡು ಚುರುಕು ಪೆಟ್ಟುಗಳನ್ನು ಕಿವಿ ಎರಡು ತಾಳಗಳೆಂದು ಸ್ವೀಕರಿಸುವುದಿಲ್ಲ; ಒಬ್ಬರು ಎಡವಿದರೆಂದೇ ಭಾವಿಸುತ್ತದೆ. ಆದರೆ 240ರ ಪೆಟ್ಟು 160 ಮತ್ತು 320ರ ನಟ್ಟನಡುವೆ, ಎರಡಕ್ಕೂ 80 ಮಿಲಿಸೆಕೆಂಡು ದೂರದಲ್ಲಿದೆ. ಹೌಸ್ ಸಂಗೀತದಲ್ಲಿ ಕಿಕ್ಕಿಗೆ ಎದುರಾಗಿ ಬರುವ ತೆರೆದ ಹೈ-ಹ್ಯಾಟ್ (ಜೋಡಿ ತಟ್ಟೆಗಳ ಸದ್ದು) ಇರುವ ಜಾಗ ಅದೇ. ಹೀಗಾಗಿ ನಮ್ಮ ಇಡೀ ಇಪಿಯ ನಿಯಮ ಒಂದೇ ಸಾಲಿನದಾಯಿತು: ಕಿಕ್ ಇರಲಿ, ನಡುವಿನ ಹ್ಯಾಟ್ ಇರಲಿ, 120 ಮತ್ತು 360ರಲ್ಲಿ ಯಾವ ಯಂತ್ರವೂ ಬಾಯಿ ಬಿಡಕೂಡದು. ಗೆಳೆಯ ಮೊದಲು ಕಳುಹಿಸಿದ್ದ ಕರಡುಗಳಲ್ಲಿದ್ದ ಹದಿನಾರರ ಹ್ಯಾಟ್‌ಗಳನ್ನೂ ಶೇಕರ್‌ಗಳನ್ನೂ ತೆಗೆದುಹಾಕಿದ ಮೇಲೆ ಟ್ರ್ಯಾಕು ಬಡವಾಗಲಿಲ್ಲ; ದುಡಿಗೆ ಉಸಿರಾಡಲು ಜಾಗ ಸಿಕ್ಕಿತು.

ಯಂತ್ರಗಳಿಗೆ ತಿಶ್ರ ಗೊತ್ತಿಲ್ಲವೆಂದೇನೂ ಅಲ್ಲ. ಸಂಗೀತ ಯಂತ್ರಗಳನ್ನು ಒಂದಕ್ಕೊಂದು ಜೋಡಿಸಲು 1983ರಲ್ಲಿ ಬಂದ ಮಿಡಿ ವ್ಯವಸ್ಥೆಯ ಗಡಿಯಾರ ಒಂದು ಎಣಿಕೆಗೆ 24 ಬಾರಿ ಮಿಡಿಯುತ್ತದೆ. 24ನ್ನು ಮೂರರಿಂದಲೂ ನಾಲ್ಕರಿಂದಲೂ ಭಾಗಿಸಬಹುದಾದ್ದರಿಂದ ಎರಡೂ ನಡೆಗಳು ಅದರೊಳಗೆ ಸರಿಯಾಗಿ ಕೂರುತ್ತವೆ. 808ರಲ್ಲಿಯೇ ತಿಶ್ರಕ್ಕೆ ಹೊರಳಿಸುವ ಸ್ವಿಚ್ ಇತ್ತು. ಮುಂಬೈಯ ಚರಣ್‌ಜಿತ್ ಸಿಂಗ್ ಅವರು 1982ರಷ್ಟು ಹಿಂದೆಯೇ 808 ಮತ್ತು ಬೇಸ್ ಸಿಂಥ್ ಟಿಬಿ-303ನ್ನು ಜೋಡಿಸಿ ರಾಗಗಳನ್ನು ನುಡಿಸಿದ್ದಾರೆ. ನಮ್ಮ ಜಾನಪದವನ್ನು ಇಂಥ ಯಂತ್ರಗಳೊಂದಿಗೆ ಕೂಡಿಸುವ ಮಾತೆತ್ತಿದರೆ ಸಾಕು, ದುಡಿಯ ನಾಲ್ಕು ಪೆಟ್ಟು ಕತ್ತರಿಸಿ ಯಂತ್ರದ ತಾಳದ ಮೇಲೆ ಒಗ್ಗರಣೆಯಂತೆ ಉದುರಿಸಿಬಿಡುವವರೇ ಹೆಚ್ಚು ಕಾಣಿಸುತ್ತಾರೆ. ಅದು ಸೋಮಾರಿತನ ಎಂಬುದು ನನ್ನ ಅಭಿಪ್ರಾಯ.

ಗೋದಾಮು ಮತ್ತು ವಿದ್ಯುತ್ತು

ಕಕ್ಕಡ ತಿಂಗಳ ಜಡಿಮಳೆಯಲ್ಲಿ ಗೋದಾಮು ಖಾಲಿಯಿರುತ್ತದೆ, ಆದರೆ ಹೆಂಚಿನ ಮೇಲೆ ಸುರಿಯುವ ಸದ್ದಿನಲ್ಲಿ ಮೈಕ್ ತೆರೆಯುವಂತಿಲ್ಲ. ಹಣ್ಣು ಕೊಯ್ಲು ಶುರುವಾದರೆ ಆಕಾಶ ಶುಭ್ರವಾಗಿರುತ್ತದೆ, ಆದರೆ ಗೋದಾಮಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಅಕ್ಟೋಬರ್ ಮಧ್ಯದ ಕಾವೇರಿ ಸಂಕ್ರಮಣ ಕಳೆದು ಕೊಯ್ಲು ಬಿರುಸಾಗುವವರೆಗಿನ ಅವಧಿಯೇ ನಮಗೆ ಸಿಕ್ಕ ಕಿಟಕಿ. ಮಳೆಗಾಲವನ್ನು ಕರಡು ತಯಾರಿಗೂ ರಿಪೇರಿಗೂ ಬಳಸಿಕೊಂಡೆವು.

ಗೋದಾಮಿನ ಉದ್ದ 24 ಅಡಿ, ಅಂದರೆ ಸುಮಾರು 7.3 ಮೀಟರ್. ಶಬ್ದದ ವೇಗವನ್ನು ಸೆಕೆಂಡಿಗೆ 343 ಮೀಟರ್ ಎಂದು ಹಿಡಿದರೆ ಈ ಉದ್ದಕ್ಕೆ 23.5 ಹರ್ಟ್ಸ್ ಮತ್ತು 47 ಹರ್ಟ್ಸ್ ಸುಮಾರಿನಲ್ಲಿ ಅನುರಣನ ಹುಟ್ಟುತ್ತದೆ. ಎರಡನೆಯದು ನಮಗೆ ಮುಖ್ಯವಾಗಿತ್ತು, ಏಕೆಂದರೆ ನಮ್ಮ ಬೇಸ್ (ಅತಿ ತಗ್ಗಿನ) ಸ್ವರ ಇರಬೇಕಾಗಿದ್ದುದು ಅಲ್ಲಿಯೇ. ಉದ್ದದ ಒಂದು ತುದಿಯ ಗೋಡೆಯಿಂದ ಕಾಲುಭಾಗದಲ್ಲಿ, ಅಂದರೆ ಆರು ಅಡಿ ದೂರದಲ್ಲಿ ಕುಳಿತರೆ ಆ ಬೇಸ್ ಇಲ್ಲವೇ ಇಲ್ಲ ಎನ್ನುವಷ್ಟು ಮಾಯವಾಗುತ್ತದೆ. ನಟ್ಟನಡುವೆ ಕುಳಿತರೆ ಎದೆಗೆ ಒದ್ದಂತೆ ಕೇಳಿಸುತ್ತದೆ. ಎರಡೂ ಸುಳ್ಳು. ಮುಂದಿನ ಗೋಡೆಯಿಂದ ಒಂಬತ್ತು ಅಡಿಗೆ ಕುರ್ಚಿ ಹಾಕಿದಾಗ ಮಟ್ಟ ಹದಕ್ಕೆ ಬಂತು. ಮೂಲೆಗಳಲ್ಲಿ ಹಳೆಯ ಗೋಣಿಗಳ ಕಟ್ಟುಗಳನ್ನು ಸೂರಿನವರೆಗೆ ಪೇರಿಸಿದೆವು. ಮೇಲಿನ ಮತ್ತು ಮಧ್ಯದ ಸ್ವರಗಳ ಮಾರ್ದನಿ ಅದರಿಂದ ಚೆನ್ನಾಗಿ ಕಡಿಮೆಯಾಯಿತು. 47 ಹರ್ಟ್ಸಿನಂಥ ಅಲೆಯ ಮುಂದೆ ಗೋಣಿಯ ಆಟ ಅಷ್ಟಾಗಿ ನಡೆಯದು.

ಇನ್ನು ಗುಂಯ್‌ಗುಡುವಿಕೆಯ ಕಥೆ. ನಮ್ಮ ಮನೆಗಳಿಗೆ ಬರುವ ವಿದ್ಯುತ್ತು 50 ಹರ್ಟ್ಸಿನದು. ಅರ್ತಿಂಗ್ ಸರಿಯಿಲ್ಲದ ಕಡೆ ಸ್ಪೀಕರಿನಲ್ಲಿ 50, 100, 150 ಹರ್ಟ್ಸಿನ ಗುಂಗು ಕೂತಿರುತ್ತದೆ. ಸಾಮಾನ್ಯವಾಗಿ ಇದನ್ನು ಕಿರಿದಾದ ಫಿಲ್ಟರ್ ಹಾಕಿ ಕತ್ತರಿಸಿಬಿಡುತ್ತಾರೆ. ನಮಗೆ ಆ ದಾರಿ ಮುಚ್ಚಿತ್ತು: ಬೇಸ್ 47.6 ಹರ್ಟ್ಸಿನಲ್ಲಿರುವಾಗ 50ನ್ನು ಕತ್ತರಿಸಲು ಹೋದರೆ ಬೇಸಿನ ಬುಡಕ್ಕೂ ಕೊಡಲಿ ಬೀಳುತ್ತದೆ. ಗುಂಗನ್ನು ಹಾಗೇ ಬಿಟ್ಟರೆ ಎರಡೂ ಸೇರಿ ಸೆಕೆಂಡಿಗೆ 2.4 ಬಾರಿ ಏರಿಳಿಯುವ ಒಂದು ತುಯ್ದಾಟ ಹುಟ್ಟುತ್ತದೆ. 125ರ ವೇಗದಲ್ಲಿ ಕಿಕ್ ಬೀಳುವುದು ಸೆಕೆಂಡಿಗೆ 2.08 ಬಾರಿ. ಎರಡೂ ಹತ್ತಿರ ಹತ್ತಿರ ಇದ್ದು ಹೊಂದಿಕೊಳ್ಳದೇ ಇರುವುದರಿಂದ, ಕೆಲವು ಆವರ್ತಗಳಲ್ಲಿ ಬೇಸ್ ಗಟ್ಟಿಯಾಗಿಯೂ ಮತ್ತೆ ಕೆಲವದರಲ್ಲಿ ಸೊರಗಿದಂತೆಯೂ ಕೇಳಿಸುತ್ತಿತ್ತು.

ಹಾಗಾಗಿ ರಿಪೇರಿಯನ್ನು ಬುಡದಿಂದಲೇ ಮಾಡಿಸಬೇಕಾಯಿತು. ತೋಟದ ಎಲೆಕ್ಟ್ರಿಷಿಯನ್ ಗೋದಾಮಿನ ಹಿಂದಿನ ಅರ್ತ್ ಗುಂಡಿಯನ್ನು ತೋಡಿಸಿದಾಗ ಜಿಐ ತಂತಿ ತುಕ್ಕು ಹಿಡಿದು, ಪೈಪಿಗೆ ಕಟ್ಟಿದ ಜಾಗದಲ್ಲಿ ಪುಡಿಯಾಗಿತ್ತು. ಹೊಸ ಪೈಪು ಇಳಿಸಿ, ಇದ್ದಿಲು ಮತ್ತು ಉಪ್ಪನ್ನು ಪದರ ಪದರವಾಗಿ ತುಂಬಿ, ನೀರು ಹಾಕಿ, ಹೊಸ ತಂತಿಯನ್ನು ನಟ್-ಬೋಲ್ಟಿನಿಂದ ಬಿಗಿದರು. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮೋಟಾರಿನ ಲೈನಿನಿಂದ ನಮ್ಮ ಪ್ಲಗ್ಗುಗಳನ್ನು ಬೇರೆ ಮಾಡಿಸಿದೆವು. ಇಂಟರ್‌ಫೇಸ್, ಎರಡೂ ಸ್ಪೀಕರ್, ಲ್ಯಾಪ್‌ಟಾಪ್ ಎಲ್ಲವೂ ಒಂದೇ ಮೂರು-ಪಿನ್ ಬೋರ್ಡಿನಿಂದ ಕರೆಂಟು ಪಡೆಯುವಂತೆ ಮಾಡಿ, ಸ್ಪೀಕರಿಗೆ ಹೋಗುವ ಕೇಬಲ್ಲುಗಳನ್ನು ಬ್ಯಾಲೆನ್ಸ್ಡ್ (ಗುಂಗು ತಡೆಯುವ) ಬಗೆಯವಕ್ಕೆ ಬದಲಿಸಿ, ಮುದ್ರಣದ ವೇಳೆ ಲ್ಯಾಪ್‌ಟಾಪನ್ನು ಬ್ಯಾಟರಿಯ ಮೇಲೆ ಓಡಿಸಿದ ಬಳಿಕ ಗುಂಗು ಅಡಗಿತು. ಈ ಇಪಿಯ ಮೇಲೆ ಖರ್ಚಾದ ಹಣದಲ್ಲಿ ಅತ್ಯಂತ ಸಾರ್ಥಕವಾದದ್ದು ಇದ್ದಿಲು, ಉಪ್ಪಿಗೆ ಹೋದದ್ದೇ ಇರಬೇಕು.

ಮುದ್ರಣ

ದುಡಿ ಎಂಬುದು ನಡು ಸಣ್ಣದಾದ, ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯ ಕಡ್ಡಿಯಿಂದ ಬಾರಿಸುವ ವಾದ್ಯ. ತೇವಕ್ಕೆ ಚರ್ಮ ಸಡಿಲವಾಗುವುದರಿಂದ ಬಾರಿಸುವ ಮೊದಲು ಕೆಂಡದ ಮುಂದೆ ಹಿಡಿದು ಕಾಯಿಸುತ್ತಾರೆ, ಮತ್ತು ಕಾವು ಇಳಿದಂತೆ ಶ್ರುತಿಯೂ ಇಳಿಯುತ್ತದೆ. ಒಂದೇ ಟ್ರ್ಯಾಕಿನ ಭಾಗಗಳನ್ನು ಬೇರೆ ಬೇರೆ ಹೊತ್ತಿನಲ್ಲಿ ಮುದ್ರಿಸಿ ಹೊಲಿಯುವ ಅಭ್ಯಾಸ ಇಲ್ಲಿ ಕೆಲಸಕ್ಕೆ ಬಾರದು. ಹೊರಗೆ ಕೆಂಡದ ಬಾಂಡ್ಲಿ ಇಟ್ಟುಕೊಂಡು, ಒಮ್ಮೆ ಕಾಯಿಸಿದ ದುಡಿ ತಣಿಯುವ ಮೊದಲು ಒಂದು ಟ್ರ್ಯಾಕಿಗೆ ಬೇಕಾದುದನ್ನೆಲ್ಲ ಬಾರಿಸಿ ಮುಗಿಸುವ ಕ್ರಮ ಇಟ್ಟುಕೊಂಡೆವು. ಪ್ರತಿ ದುಡಿಗೂ ಒಂದು ಗೇಣು ದೂರದಲ್ಲಿ ಒಂದು ಶೂರ್ 57 ಮೈಕ್, ಮೂವರ ಮುಂದೆ ಆಳೆತ್ತರದಲ್ಲಿ ಒಂದು ಕಂಡೆನ್ಸರ್ ಮೈಕ್. ಮುಂದಿನ ಮೈಕನ್ನು ಒಂದೇ ಇಟ್ಟುದಕ್ಕೆ ಕಾರಣವಿದೆ. ಕ್ಲಬ್ಬುಗಳಲ್ಲಿ ಎಡ-ಬಲಗಳು ಮೋನೋ ಆಗಿ ಕೂಡಿಕೊಳ್ಳುವುದು ಸಾಮಾನ್ಯವಾದ್ದರಿಂದ, ಎರಡು ದೂರದ ಮೈಕುಗಳಿದ್ದರೆ ಅವು ಪರಸ್ಪರ ಕಾದಾಡಿ ದುಡಿಯ ಮೈಯನ್ನೇ ತಿನ್ನುವ ಸಾಧ್ಯತೆ ಇರುತ್ತದೆ.

ತಾಳ ಹಿಡಿಯಲು ಹೆಡ್‌ಫೋನಿನಲ್ಲಿ ಸ್ಟುಡಿಯೋಗಳ ರೂಢಿಯಂತೆ ಕ್ಲಿಕ್ ಸದ್ದು ಕೊಟ್ಟಾಗ ಹಿರಿಯರು ಹೆಡ್‌ಫೋನನ್ನೇ ಕಿತ್ತು ಮೇಜಿನ ಮೇಲಿಟ್ಟರು. "ಕಿವಿಯೊಳಗೆ ಆ ಟಕ್ ಟಕ್ ಇದ್ದರೆ ಕೈ ಓಡುವುದಿಲ್ಲ ಮೋನೇ, ಕಾಲಿಗೆ ಏನಾದರೂ ಕೊಡು" ಎಂದರು. ಅವರು ಕೇಳಿದ್ದು ಅಕ್ಷರಶಃ ಸರಿಯಾದ ತಾಂತ್ರಿಕ ಸಲಹೆ. ಕ್ಲಿಕ್ ತೆಗೆದು, ಅದೇ ಟ್ರ್ಯಾಕಿಗೆ ಗೆಳೆಯ ಮಾಡಿದ್ದ ಕಿಕ್ಕನ್ನು ಮೇಲಿನ ಸ್ವರಗಳನ್ನೆಲ್ಲ ಸೋಸಿ, ಎಣಿಕೆಗೆ ಒಂದರಂತೆ ಒಂದೇ ಕಿವಿಗೆ ಕೊಟ್ಟೆವು. ಇನ್ನೊಂದು ಕಿವಿ ಪಕ್ಕದವರ ದುಡಿಗೆ ತೆರೆದಿತ್ತು. ಎಣಿಕೆಯ ಒಳಗಿನ ಹಂಚಿಕೆಯನ್ನು ಯಂತ್ರ ಹೇಳಲೇ ಇಲ್ಲ, ಅದು ಅವರ ಕೈಯಲ್ಲೇ ಉಳಿಯಿತು. ಆಮೇಲೆ ಅಲೆಯ ಚಿತ್ರವನ್ನು ಹಿಗ್ಗಿಸಿ ನೋಡಿದಾಗ ಎರಡನೆಯ ಪೆಟ್ಟು 160ಕ್ಕೆ ಬೀಳದೆ ಬಹುತೇಕ ಕಡೆ 165ರಿಂದ 172ರ ನಡುವೆ ಬಿದ್ದಿತ್ತು, ಮೂರನೆಯದು ತನ್ನ ಜಾಗಕ್ಕೆ ಹತ್ತಿರದಲ್ಲೇ ಇತ್ತು. ಈ ಸಣ್ಣ ಎಳೆತವೇ ನಡೆಯ ಜೀವಾಳ. ಸಾಫ್ಟ್‌ವೇರಿನ ಪೆಟ್ಟುಗಳನ್ನು ಗೆರೆಗೆ ಎಳೆದು ಕೂರಿಸುವ ಕ್ವಾಂಟೈಸ್ ಗುಂಡಿ ಒತ್ತಿದರೆ ಮೊದಲು ಸಾಯುವುದು ಅದು. ಆದ್ದರಿಂದ ಪ್ರತಿ ಆವರ್ತದ, ಅಂದರೆ 1920 ಮಿಲಿಸೆಕೆಂಡಿನ, ಮೊದಲ ಪೆಟ್ಟನ್ನು ಮಾತ್ರ ಕಿಕ್ಕಿಗೆ ಕೂಡಿಸಿ, ಒಳಗಿನ ಯಾವುದನ್ನೂ ಮುಟ್ಟಲಿಲ್ಲ. ಬದಲಿಗೆ ಸಿಂಥಿನ ಎರಡನೆಯ ಸ್ವರವನ್ನೇ ಎಂಟು ಮಿಲಿಸೆಕೆಂಡು ತಡವಾಗಿ ಬರುವಂತೆ ಸರಿಸಿದೆವು.

ಏನು ಬಾರಿಸಬೇಕೆಂಬುದನ್ನು ಆರಿಸಿದವರು ಅವರೇ. ಕುಣಿತದ ವರಸೆಗಳಿಗೆ ಒಪ್ಪಿದರು. ದೇವರ ಹಬ್ಬಕ್ಕೆ ಸಂಬಂಧಿಸಿದ್ದು, ಸಾವಿನ ಮನೆಗೆ ಸಂಬಂಧಿಸಿದ್ದು ಯಾವುದೂ ಹೆಂಡ ಕುಡಿಯುವ ಜಾಗಕ್ಕೆ ಹೋಗಬಾರದೆಂದರು. ಹಾಡುಗಳನ್ನೂ ಬಿಟ್ಟೆವು. ಸುಗ್ಗಿಯ ಹಬ್ಬ ಪುತ್ತರಿಯ ಹಾಡುಗಳನ್ನು ಕತ್ತರಿಸಿ ಮತ್ತೆ ಮತ್ತೆ ತಿರುಗಿಸಿದರೆ ಕುಣಿಯುವವರಿಗೆ ಖುಷಿಯಾಗಬಹುದೆಂದು ಗೆಳೆಯನಿಗೆ ಆಸೆಯಿತ್ತು, ಆದರೆ ಈ ವಿಷಯದಲ್ಲಿ ಚರ್ಚೆಗೆ ಜಾಗವಿರಲಿಲ್ಲ.

ಕೊಂಬಿನ ಸಮಸ್ಯೆ ಬೇರೆ ಬಗೆಯದು. ಬಾಗಿದ ಲೋಹದ ಆ ಕಹಳೆಗೆ ಗುಂಡಿಗಳಿಲ್ಲ. ಕೊಳವೆಯ ಉದ್ದ ಕೊಟ್ಟ ಸ್ವರಗಳಷ್ಟೇ ಅದರವು. ಅವರು ದೀರ್ಘವಾಗಿ ನಿಲ್ಲಿಸುತ್ತಿದ್ದ ಸ್ವರ ಸುಮಾರು 381 ಹರ್ಟ್ಸಿಗೆ ಬಂತು. ಪಾಶ್ಚಾತ್ಯ ಶ್ರುತಿಯ ಎಫ್ ಶಾರ್ಪ್ 370, ಜಿ 392. ಕೊಂಬು ಇವೆರಡರ ನಡುವಿನ ಗೋಡೆಯ ಮೇಲೆ ಕುಳಿತಿದೆ. ಶ್ರುತಿ ತಿದ್ದುವ ಆಟೋಟ್ಯೂನಿನಿಂದ ಅತ್ತಲೋ ಇತ್ತಲೋ ಎಳೆದರೆ ಲೋಹದ ಒರಟು ಕಂಠ ಪ್ಲಾಸ್ಟಿಕ್ಕಾಗುತ್ತದೆ. ಎಲ್ಲ ಸಿಂಥ್‌ಗಳ ಶ್ರುತಿಯನ್ನೇ ಅರ್ಧದ ಅರ್ಧ ಸ್ವರ, ಅಂದರೆ 50 ಸೆಂಟ್ ಏರಿಸಿದೆವು. 381ರಿಂದ ಮೂರು ಸ್ಥಾಯಿ ಕೆಳಗಿಳಿದರೆ ಮೇಲೆ ಹೇಳಿದ 47.6 ಹರ್ಟ್ಸಿನ ಬೇಸ್ ಸಿಗುತ್ತದೆ.

ಡಿಜೆಗಳಿಗೆ ಇದರಿಂದ ತೊಂದರೆಯಾಗುತ್ತದೆಂಬ ಆಕ್ಷೇಪ ಬಂತು, ಏಕೆಂದರೆ ಅವರು ಒಂದೇ ಶ್ರುತಿಯ ಟ್ರ್ಯಾಕುಗಳನ್ನು ಜೋಡಿಸಿ ನುಡಿಸುತ್ತಾರೆ. ಲೆಕ್ಕ ಮಾಡಿದರೆ ತೊಂದರೆ ಅಷ್ಟಿಲ್ಲ: 50 ಸೆಂಟ್ ಎಂದರೆ ವೇಗದಲ್ಲಿ ಶೇಕಡಾ 2.9. ವೇಗ ಬದಲಾದರೂ ಶ್ರುತಿಯನ್ನು ಹಿಡಿದಿಡುವ ಕೀ-ಲಾಕ್ ತೆಗೆದು ಪಿಚ್ ಕಡ್ಡಿಯನ್ನು ಅಷ್ಟು ಮೇಲಕ್ಕೆ ತಳ್ಳಿದರೆ 128.7ರ ವೇಗದಲ್ಲಿ ಟ್ರ್ಯಾಕು ಜಿ ಸ್ವರಕ್ಕೆ ಕೂರುತ್ತದೆ, ಕೆಳಕ್ಕೆ ಎಳೆದರೆ 121.4ರಲ್ಲಿ ಎಫ್ ಶಾರ್ಪಿಗೆ. ಎರಡೂ ಕ್ಲಬ್ಬಿನಲ್ಲಿ ನಿತ್ಯ ಬಳಕೆಯ ವೇಗಗಳೇ.

ಜೋಡಣೆ

ಫೈಲುಗಳ ವಿನಿಮಯ ಇಂಟರ್‌ನೆಟ್ಟಿನ ಮೂಲಕ. ತೋಟದಲ್ಲಿ ಸಿಗ್ನಲ್ ಸಿಗುವ ದಿಬ್ಬ ಹತ್ತಿ ರಾತ್ರಿ ಕಳುಹಿಸಿದರೆ ಬೆಳಿಗ್ಗೆ ಉತ್ತರ. ಎಲ್ಲ ಫೈಲುಗಳ ಮಾದರಿ ದರ 48 ಕಿಲೋಹರ್ಟ್ಸ್, 24 ಬಿಟ್ ಎಂದು ಮೊದಲೇ ನಿಗದಿ ಮಾಡಿಕೊಂಡೆವು. ಒಬ್ಬರ 44.1ರ ಫೈಲು ಇನ್ನೊಬ್ಬರಲ್ಲಿ 48 ಎಂದು ಓದಿಕೊಂಡರೆ 125ರ ವೇಗ 136ಕ್ಕೆ ಹಾರಿ, ಶ್ರುತಿ ಸುಮಾರು ಮುಕ್ಕಾಲು ಸ್ವರದಷ್ಟು ಮೇಲೇರುತ್ತದೆ. ಪ್ರತಿ ಸ್ಟೆಮ್ಮೂ (ಒಂದೊಂದು ವಾದ್ಯದ ಬಿಡಿ ಫೈಲು) ಖಾಲಿ ಜಾಗ ಸಮೇತ ಮೊದಲ ಆವರ್ತದಿಂದಲೇ ಶುರುವಾಗಬೇಕು, ಹೆಸರಿನಲ್ಲಿ ವೇಗ ಇರಬೇಕು. ಇಷ್ಟೇ ಶಿಸ್ತು.

ಕಿಕ್ ಮತ್ತು ಬೇಸ್ ಒಂದೇ ತಗ್ಗಿನ ಸ್ವರಗಳಲ್ಲಿ ಬದುಕುವುದರಿಂದ ಕ್ಲಬ್ ಸಂಗೀತದಲ್ಲಿ ಸೈಡ್‌ಚೈನ್ ಎಂಬ ಉಪಾಯ ಹಾಕುತ್ತಾರೆ. ಕಿಕ್ ಬಿದ್ದಾಗಲೆಲ್ಲ ಕಂಪ್ರೆಸರ್ ಬೇಸನ್ನು ಅದುಮುತ್ತದೆ. ತಿಶ್ರದಲ್ಲಿ ಅದರ ಅಗತ್ಯವೇ ಬಹುಮಟ್ಟಿಗೆ ಬೀಳಲಿಲ್ಲ. ಎಣಿಕೆಯ ಮೂರು ಭಾಗಗಳಲ್ಲಿ ಮೊದಲನೆಯದನ್ನು ಕಿಕ್ಕಿಗೆ ಬಿಟ್ಟು, ಎರಡನೆಯ ಮತ್ತು ಮೂರನೆಯ ಭಾಗಗಳನ್ನು ಬೇಸಿಗೆ ಕೊಟ್ಟೆವು. ಷರತ್ತು ಒಂದೇ: ಕಿಕ್ಕಿನ ಬಾಲ 160 ಮಿಲಿಸೆಕೆಂಡಿನೊಳಗೆ ಮುಗಿಯಬೇಕು. 909 ಮಾದರಿಯ ಕಿಕ್ಕಿನ ಡಿಕೇಯನ್ನು (ಬಾಲದ ಉದ್ದವನ್ನು) ಅಷ್ಟಕ್ಕೆ ಕುಗ್ಗಿಸಿದಾಗ ಬೇಸ್ ಕುದುರೆಯ ನಾಗಾಲೋಟಕ್ಕೆ ಬಂತು, ದುಡಿಯ ಎರಡನೆಯ ಪೆಟ್ಟು ಅದರ ಮೇಲೆ ಸವಾರಿ ಮಾಡಿತು. ಡಿಲೇಗಳನ್ನು (ಯಂತ್ರದ ಮರುದನಿಗಳನ್ನು) 160 ಮತ್ತು 320ಕ್ಕೆ ಕಟ್ಟಿದೆವು. ಸಾಮಾನ್ಯವಾಗಿ ಬಳಸುವ 360ರ ಡಿಲೇ ಇಲ್ಲಿ ನಿಷಿದ್ಧ. 120 ಹರ್ಟ್ಸಿನ ಕೆಳಗಿನದೆಲ್ಲ ಮೋನೋ.

ಡಿಜೆಗಳು ಒಂದರಿಂದ ಇನ್ನೊಂದಕ್ಕೆ ದಾಟಲು ಅನುಕೂಲವಾಗುವಂತೆ ಆರಂಭದಲ್ಲೂ ಕೊನೆಯಲ್ಲೂ 32 ಆವರ್ತ, ಅಂದರೆ ಒಂದು ನಿಮಿಷಕ್ಕಿಂತ ತುಸು ಹೆಚ್ಚು, ತಾಳವಾದ್ಯ ಮಾತ್ರ ಇದೆ. ಆರಂಭದ ಹದಿನಾರು ಆವರ್ತ ಬರಿಯ ಕಿಕ್ ಮತ್ತು ಹ್ಯಾಟ್. ಹಿಂದಿನ ಟ್ರ್ಯಾಕು ಚತುರಶ್ರದಲ್ಲಿದ್ದರೂ ಕೂಡಿಕೊಳ್ಳಲಿ ಎಂದು ದುಡಿಯನ್ನು ಹದಿನೇಳನೆಯದಕ್ಕೆ ತಡೆಹಿಡಿದಿದ್ದೇವೆ.

ಕೇಳಿ ನೋಡಿದ್ದು ಗೋಣಿಕೊಪ್ಪದಲ್ಲಿ, ಮದುವೆಗಳಿಗೆ ಮೈಕ್ ಸೆಟ್ ಹಾಕುವವರ ಶೆಡ್ಡಿನಲ್ಲಿ, ಬೇಸಿಗೆಂದೇ ಇರುವ ಎರಡು 18 ಇಂಚಿನ ಸಬ್‌ಗಳ ಮೇಲೆ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ತೆರೆದ ಜಾಗದಲ್ಲಿ ಧ್ವನಿವರ್ಧಕ ಹಾಕುವಂತಿಲ್ಲವಾದ್ದರಿಂದ ಕ್ಲಬ್ ಸಂಗೀತವನ್ನು ಮಟಮಟ ಮಧ್ಯಾಹ್ನ ಕೇಳುವ ಯೋಗ ನಮ್ಮದಾಯಿತು. ಮೂರನೆಯ ಟ್ರ್ಯಾಕಿನಲ್ಲಿ ಕೊಂಬು 2 ಕಿಲೋಹರ್ಟ್ಸಿನ ಆಸುಪಾಸಿನಲ್ಲಿ ಕಿವಿ ಕೊರೆಯುತ್ತಿತ್ತು. ಮೂರು ಡೆಸಿಬಲ್ ಇಳಿಸಿದ ಮೇಲೆ ಸರಿಹೋಯಿತು. ಲೋಡು ಹೊರುವ ಹುಡುಗರು ಎರಡನೆಯ ಟ್ರ್ಯಾಕಿಗೆ ವಾಲಗಕ್ಕೆ ಹಾಕುವ ಹೆಜ್ಜೆಯನ್ನೇ ಹಾಕಿದರು. ಆ ಟ್ರ್ಯಾಕನ್ನು ಮತ್ತೆ ಮುಟ್ಟಲಿಲ್ಲ.

ಮಾಸ್ಟರ್ ಎರಡು ಬಗೆಯಲ್ಲಿದೆ. ಕ್ಲಬ್ಬಿಗೆ ಸುಮಾರು ಮೈನಸ್ 8 ಲಫ್ಸ್ ಗಟ್ಟಿತನದ, 24 ಬಿಟ್ 44.1ರ ವೇವ್ ಫೈಲು; ಸ್ಪಾಟಿಫೈಯಂಥ ಕಡೆ ಮೈನಸ್ 14ಕ್ಕೆ ಇಳಿಸಿಯೇ ಕೇಳಿಸುವುದರಿಂದ ಅಲ್ಲಿಗೆ ದುಡಿಯ ಪೆಟ್ಟು ಚಪ್ಪಟೆಯಾಗದ, ಸಡಿಲವಾದ ಇನ್ನೊಂದು.

ಕಾಗದಪತ್ರ

ಜಾನಪದ ವರಸೆಗೆ ಕೃತಿಸ್ವಾಮ್ಯವಿಲ್ಲ, ಆದ್ದರಿಂದ ಬಾರಿಸಿದವರಿಗೆ ಕೂಲಿ ಕೊಟ್ಟರೆ ಮುಗಿಯಿತು ಎಂಬ ಮಾತು ಬಹಳ ಕಡೆ ಕೇಳಿಬರುತ್ತದೆ. ಕಾನೂನು ಹಾಗೆ ಹೇಳುವುದಿಲ್ಲ. ವರಸೆ ಹಳೆಯದಾದರೂ ಅದನ್ನು ಬಾರಿಸಿದ ಪ್ರದರ್ಶನದ ಮೇಲೆ 1957ರ ಕೃತಿಸ್ವಾಮ್ಯ ಕಾಯ್ದೆಯ 38ನೆಯ ಕಲಮಿನಡಿ ಕಲಾವಿದರಿಗೆ 50 ವರ್ಷಗಳ ಹಕ್ಕಿದೆ. 2012ರ ತಿದ್ದುಪಡಿಯ ಬಳಿಕ ವಾಣಿಜ್ಯ ಬಳಕೆಗೆ ರಾಯಧನದ ಹಕ್ಕೂ ಸ್ಪಷ್ಟವಾಗಿದೆ. ಮೈಕ್ ತೆರೆಯುವ ಮೊದಲೇ ಕನ್ನಡದಲ್ಲಿ ಒಂದು ಪುಟದ ಒಪ್ಪಂದ ಬರೆದು ಓದಿಹೇಳಿದೆವು: ದಿನದ ಸಂಭಾವನೆ ಬೇರೆ, ಗಳಿಕೆಯಲ್ಲಿ ಆರು ಮಂದಿಗೂ ಸಮಪಾಲು, ದುಡಿಯ ಬಿಡಿ ಪೆಟ್ಟುಗಳನ್ನು ಸ್ಯಾಂಪಲ್ ಪ್ಯಾಕ್ ಮಾಡಿ ಮಾರುವಂತಿಲ್ಲ. ಕೊನೆಯ ಷರತ್ತನ್ನು ಸೇರಿಸಿದ್ದು ಹಿರಿಯರ ಮಗ. ಅವನಿಗೆ ಇಂಥ ವ್ಯಾಪಾರದ ಅರಿವಿದೆ.

ಪ್ರತಿ ಮುದ್ರಣಕ್ಕೂ 12 ಅಕ್ಷರಗಳ ಐಎಸ್‌ಆರ್‌ಸಿ ಸಂಕೇತ ಬೇಕು. ಉದ್ದದ ಆವೃತ್ತಿಗೂ ಗಿಡ್ಡ ಆವೃತ್ತಿಗೂ ಬೇರೆ ಬೇರೆ. ವಿತರಕರ ನಮೂನೆಯಲ್ಲಿ ದುಡಿಯವರನ್ನೂ ಕೊಂಬಿನವರನ್ನೂ "ಜೊತೆಗೆ" ಎಂಬ ಕೆಳಗಿನ ಕಲಮಿಗೆ ಹಾಕುವುದು ರೂಢಿ. ನಾವು ಆರು ಹೆಸರುಗಳನ್ನೂ ಮುಖ್ಯ ಕಲಾವಿದರ ಕಲಮಿನಲ್ಲಿಯೇ, ದುಡಿಯವರಿಂದ ಮೊದಲುಗೊಂಡು ತುಂಬಿಸಿದ್ದೇವೆ. ಹೆಸರುಗಳ ಸಾಲು ಉದ್ದವಾಯಿತೆಂದು ವಿತರಕರ ಕಡೆಯಿಂದ ಒಮ್ಮೆ ನಮೂನೆ ವಾಪಸು ಬಂತು. ಅದೇ ಕ್ರಮದಲ್ಲಿ, ಅದೇ ಉದ್ದದಲ್ಲಿ ಮತ್ತೆ ಕಳುಹಿಸಿದಾಗ ಅಂಗೀಕಾರವಾಯಿತು.